ಕರ್ತೃವಿಲ್ಲದ ಕರುಣ: ಯುದ್ಧಕಾಲದ ಮೃಗಶಾಲೆಯೂ ಕಾವ್ಯವೂ

ಯುದ್ಧವನ್ನು ವಸ್ತುವಾಗುಳ್ಳ ಕಾವ್ಯಗಳಲ್ಲಿ ವೀರರ ಮರಣವೂ ನಗರಗಳ ದಹನವೂ ಪ್ರಾಚೀನಕಾಲದಿಂದ ವರ್ಣಿತವಾಗುತ್ತ ಬಂದಿವೆ. ಪಂಜರದಲ್ಲಿ ಬಂಧಿತವಾದ ಮೃಗಕ್ಕೆ ಯುದ್ಧಕಾಲದಲ್ಲಿ ಒದಗುವ ಗತಿಯು ಮಾತ್ರ ಈಚಿನ ವಸ್ತು. ಕಾಡಿನ ಮೃಗವು ಓಡಬಲ್ಲದು. ಸೈನ್ಯದ ಆನೆ ಕುದುರೆಗಳಿಗೆ ಯುದ್ಧದಲ್ಲಿ ಒಂದು ಪಾತ್ರವುಂಟು. ಮೃಗಶಾಲೆಯ ಪ್ರಾಣಿಗೆ ಇವೆರಡೂ ಇಲ್ಲ. ಆದುದರಿಂದ ಅದು ಕರುಣರಸಕ್ಕೆ ಅತಿ ಸುಲಭವಾದ ಆಲಂಬನ. ಈ ಸೌಲಭ್ಯವೇ ಕವಿಗೆ ಅಪಾಯಕರವೆಂಬುದನ್ನು ಜಪಾನ್ ದೇಶದ ಒಂದು ಸಂದರ್ಭವನ್ನು ಆಧರಿಸಿ ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ಇತಿಹಾಸವನ್ನು ನೋಡೋಣ. ಟೋಕಿಯೋ ನಗರದ ಉಯೆನೊ ಮೃಗಶಾಲೆಯು 1882ರಲ್ಲಿ ಸ್ಥಾಪಿತವಾದುದು. 1943ನೆಯ ಆಗಸ್ಟ್ ತಿಂಗಳಿನಲ್ಲಿ ಟೋಕಿಯೋದ ಆಡಳಿತಾಧಿಪತಿ ಓದಾಚಿ ಶಿಗೆಯೊ ಅಲ್ಲಿಯ ಅಪಾಯಕಾರಿ ಪ್ರಾಣಿಗಳನ್ನು ಕೊಲ್ಲಬೇಕೆಂದು ಆಜ್ಞಾಪಿಸಿದನು. ವೈಮಾನಿಕ ದಾಳಿಯಾದರೆ ಅವು ತಪ್ಪಿಸಿಕೊಂಡು ಜನರ ಮೇಲೆ ಬಿದ್ದಾವೆಂಬುದು ಹೇಳಿದ ಕಾರಣ. ಸಿಂಹ, ಚಿರತೆ, ಕರಡಿ ಮೊದಲಾದವುಗಳೊಡನೆ ಜಾನ್, ಟಾಂಕಿ, ವಾನ್ಲಿ ಎಂಬ ಮೂರು ಆನೆಗಳೂ ಇದಕ್ಕೆ ಗುರಿಯಾದವು. ವಿಷ ಬೆರೆಸಿದ ಆಲೂಗೆಡ್ಡೆಯನ್ನು ಆನೆ ತಿನ್ನಲಿಲ್ಲ. ಕೊನೆಗೆ ಆಹಾರವನ್ನೇ ನಿಲ್ಲಿಸಿದರು. ಆಗಸ್ಟ್ 29ರಂದು ಜಾನ್, ಸೆಪ್ಟೆಂಬರ್ 11ರಂದು ವಾನ್ಲಿ, 23ರಂದು ಟಾಂಕಿ ಸತ್ತವು. ಹಸಿದ ಆನೆಗಳು ಪಾಲಕರನ್ನು ಕಂಡೊಡನೆ, ತಿಂಡಿ ದೊರೆತೀತೆಂಬ ಆಸೆಯಿಂದ, ತಾವು ಕಲಿತಿದ್ದ ಆಟಗಳನ್ನು ಆಡಿ ತೋರಿಸಿದವಂತೆ. ಒಂದು ಆನೆಯನ್ನು ಸೆಂಡಾಯ್ ನಗರದ ಮೃಗಶಾಲೆಗೆ ಸಾಗಿಸಲು ಉಯೆನೊದವರು ಏರ್ಪಾಡು ಮಾಡಿದ್ದರು. ಅಧಿಪತಿಯು ಅದಕ್ಕೆ ಒಪ್ಪಲಿಲ್ಲ.

ಇಲ್ಲಿ ಎರಡು ಸಂಗತಿಗಳನ್ನು ವಾಚಕರು ಗಮನಿಸಬೇಕು. ಟೋಕಿಯೋ ನಗರದ ಮೇಲೆ ಎಡೆಬಿಡದ ದಾಳಿಗಳು ಆರಂಭವಾದುದು 1944ನೆಯ ನವೆಂಬರಿನಲ್ಲಿ. ಆಜ್ಞೆಯಾದಾಗ, 1942ರ ಏಪ್ರಿಲ್ ತಿಂಗಳ ಒಂದು ದಾಳಿಯ ಹೊರತು, ಆಕಾಶವು ಶಾಂತವಾಗಿತ್ತು. ಜನರ ಮನಸ್ಸನ್ನು ಘೋರತರವಾದ ಯುದ್ಧಕ್ಕೆ ಸಿದ್ಧಪಡಿಸುವುದೇ ಆಜ್ಞೆಯ ನಿಜವಾದ ಉದ್ದೇಶವೆಂದು ಇತಿಹಾಸಜ್ಞರು ಅಭಿಪ್ರಾಯಪಟ್ಟಿದ್ದಾರೆ. ಎರಡನೆಯದಾಗಿ, ಸತ್ತ ಮೃಗಗಳ ಆತ್ಮಶಾಂತಿಗಾಗಿ ಸೆಪ್ಟೆಂಬರ್ 4ರಂದು ಮೃಗಶಾಲೆಯಲ್ಲಿಯೇ ಬೌದ್ಧವಿಧಿಯಿಂದ ಒಂದು ಸಭೆ ನಡೆಯಿತು. ಆ ಹೊತ್ತಿನಲ್ಲಿ ಎರಡು ಆನೆಗಳು ಪರದೆಯ ಮರೆಯಲ್ಲಿ ಇನ್ನೂ ಜೀವದಿಂದಿದ್ದವು. ಆಜ್ಞೆಯನ್ನಿತ್ತವರೇ ಕಣ್ಣೀರಿಗೂ ಕಾಲವನ್ನು ಗೊತ್ತುಮಾಡಿದರು.

ಇಂತಹ ವಸ್ತುವಿನ ಕಾವ್ಯವನ್ನು ಅಳೆಯುವುದಕ್ಕೆ ನಮ್ಮ ಪರಂಪರೆಯಲ್ಲಿಯೇ ಒಂದು ಮಾನವಿದೆ. ಕ್ರೌಂಚವಧೆಯನ್ನು ಕಂಡ ವಾಲ್ಮೀಕಿಯ ಶೋಕವೇ ಶ್ಲೋಕವಾಯಿತೆಂದು ಆನಂದವರ್ಧನನು ಎತ್ತಿ ಹೇಳಿದನು. ಶೋಕದ ಅಂಶವನ್ನು ಎಲ್ಲರೂ ನೆನೆಯುತ್ತಾರೆ. ಆ ಶ್ಲೋಕವು ಸಂಬೋಧನೆಯಾಗಿದೆಯೆಂಬುದನ್ನು ಬಹುಮಂದಿ ಮರೆಯುತ್ತಾರೆ. ಮುನಿಯು ಹಕ್ಕಿಗಾಗಿ ಮರುಗಿ ಸುಮ್ಮನಾಗಲಿಲ್ಲ. ಕೊಂದವನ ಕಡೆಗೆ ತಿರುಗಿ ಮಧ್ಯಮಪುರುಷದಲ್ಲಿ ಮಾತನಾಡಿದನು. ಆ ಕರುಣದಲ್ಲಿ ಕರ್ಮಪದದೊಡನೆ ಕರ್ತೃಪದವೂ ಸ್ಪಷ್ಟವಾಗಿದೆ. ಕನ್ನಡದ ಆಡುಮಾತಿನಲ್ಲಿ ಕರ್ಮಣಿಪ್ರಯೋಗವು ವಿರಳ. ಸರಕಾರದ ಪ್ರಕಟಣೆಗಳಲ್ಲಿಯಾದರೋ ಅದು ಹೇರಳ. ‘ಮೃಗಗಳು ಕೊಲ್ಲಲ್ಪಟ್ಟವು’ ಎಂಬ ವಾಕ್ಯವನ್ನು ಓದಿದವನು ಮರುಗಬಹುದು. ಯಾರು ಕೊಂದರೆಂದು ಕೇಳುವ ಅಗತ್ಯ ಅವನಿಗೆ ತೋರದು.

ಈ ಮಾನದಿಂದ ನೋಡಿದರೆ ತಕಾಮುರಾ ಕೋತಾರೊ (1883–1956) ಎಂಬ ಕವಿಯ ಉದಾಹರಣೆಯು ಬಹಳ ಬೋಧಪ್ರದವಾದುದು. ಶಿಲ್ಪಿಯೂ ಆಗಿದ್ದ ಈತನು ಬಂಧಿತವಾದ ಮೃಗಗಳನ್ನು ಕುರಿತು ಹಲವು ಕವಿತೆಗಳನ್ನು ಬರೆದನು. ಅವುಗಳಲ್ಲಿ 1928ರಲ್ಲಿ ರಚಿತವಾದ, ಹರಕು ಗರಿಗಳ ಉಷ್ಟ್ರಪಕ್ಷಿಯನ್ನು ಕುರಿತ ಕವಿತೆಯು ಪ್ರಸಿದ್ಧವಾಗಿದೆ. ಅದರಲ್ಲಿ ಉಪಮೆಗಳ ಆಡಂಬರವಿಲ್ಲ. ಕವಿಯು ಪಕ್ಷಿಯ ಅಂಗಾಂಗಗಳನ್ನು ಶಿಲ್ಪಿಯ ಕಣ್ಣಿನಿಂದ ಅಳೆದು, ಆ ದೇಹಕ್ಕೂ ಅದನ್ನಿಟ್ಟ ಸ್ಥಳಕ್ಕೂ ಇರುವ ವೈಷಮ್ಯವನ್ನು ಪ್ರಶ್ನೆಗಳ ಮೂಲಕ ತೋರಿಸಿ, ಕಡೆಯಲ್ಲಿ ಮನುಷ್ಯರನ್ನೇ ಸಂಬೋಧಿಸಿ ಇದನ್ನು ನಿಲ್ಲಿಸಿರೆಂದು ಹೇಳುತ್ತಾನೆ. ಇದನ್ನು ಅನ್ಯೋಕ್ತಿಯೆಂದು ಓದುವವರುಂಟು: ಪಕ್ಷಿಯು ಅಪ್ರಸ್ತುತ, ಬಂಧಿತವಾದ ಮಾನವಚೇತನವೇ ಪ್ರಸ್ತುತವೆಂದು ಅವರ ಮತ. ಆ ಧ್ವನಿಯಿರಬಹುದು. ಆದರೆ ವಾಚ್ಯಾರ್ಥವೇ ಇಲ್ಲಿ ಬಲವಾದುದು. ಉಷ್ಟ್ರಪಕ್ಷಿಯು ಮೊದಲು ಉಷ್ಟ್ರಪಕ್ಷಿಯಾಗಿಯೇ ನೋಯುವುದರಿಂದ ಕವಿತೆಯು ನಿಂತಿದೆ.

ಇದೇ ಕವಿಯು ಯುದ್ಧಕಾಲದಲ್ಲಿ ಬೇರೊಂದು ಸ್ವರವನ್ನು ಹಿಡಿದನು. 1942ರಲ್ಲಿ ಸಾಹಿತಿಗಳನ್ನು ರಾಷ್ಟ್ರಸೇವೆಗೆ ಒಗ್ಗೂಡಿಸಲು ಸ್ಥಾಪಿತವಾದ ಸಂಘದ ಕಾವ್ಯಶಾಖೆಗೆ ಆತನೇ ಅಧ್ಯಕ್ಷ. 1942ರಿಂದ 1944ರವರೆಗೆ ಅವನ ಯುದ್ಧಪರವಾದ ಸಂಗ್ರಹಗಳು ಒಂದರ ಮೇಲೊಂದರಂತೆ ಹೊರಬಂದವು. ಹದಿನೈದು ವರ್ಷಗಳ ಹಿಂದೆ ಒಂದು ಪಕ್ಷಿಗಾಗಿ ಮನುಷ್ಯಜಾತಿಯನ್ನೇ ಪ್ರಶ್ನಿಸಿದ ಕವಿಯು, ಅವನದೇ ನಗರದಲ್ಲಿ ಆನೆಗಳು ಉಪವಾಸದಿಂದ ಸಾಯುತ್ತಿದ್ದಾಗ, ಆಜ್ಞೆಯನ್ನೀಯುವವರ ಪಕ್ಷದಲ್ಲಿದ್ದನು. ಇದನ್ನು ವ್ಯಕ್ತಿನಿಂದೆಗಾಗಿ ಹೇಳುತ್ತಿಲ್ಲ. ಮೃಗದ ಮೇಲಿನ ಕನಿಕರವು ತಾನೇ ತಾನಾಗಿ ಕವಿಯನ್ನು ಕಾಯಲಾರದೆಂಬುದಕ್ಕೆ ಇದು ನಿದರ್ಶನ.

ಯುದ್ಧಾನಂತರ ಈ ಆನೆಗಳ ಕಥೆಯನ್ನು ಜನಮನದಲ್ಲಿ ನೆಲೆಗೊಳಿಸಿದ್ದು ತ್ಸುಚಿಯಾ ಯುಕಿಯೊ 1951ರಲ್ಲಿ ಮಕ್ಕಳಿಗಾಗಿ ಬರೆದ, ಪಾಪದ ಆನೆಗಳನ್ನು ಕುರಿತ ಗ್ರಂಥ. ಗದ್ಯವಾದರೂ ಅದರ ಪರಿಣಾಮವು ಕಾವ್ಯದ್ದೇ. 1970ರಿಂದ ಚಿತ್ರಪುಸ್ತಕವಾಗಿ ಅದು ಅನೇಕ ತಲೆಮಾರುಗಳ ಮಕ್ಕಳನ್ನು ಅಳಿಸಿದೆ. ಆದರೆ ಕಥೆಯಲ್ಲಿ ಬಾಂಬುಗಳು ಆಗಲೇ ಸುರಿಯುತ್ತಿವೆ, ಆಜ್ಞೆಯು ಸೈನ್ಯದ್ದಾಗಿದೆ. ಅಪಾಯವು ಕಣ್ಣೆದುರಿಗಿದ್ದಂತೆ ಚಿತ್ರಿಸಿದೊಡನೆ ಕೊಲೆಯು ಅನಿವಾರ್ಯವಾಗಿ ತೋರುತ್ತದೆ. ನಗರದ ಆಡಳಿತಾಧಿಪತಿಯು ಓದುಗನ ಕಣ್ಣಿನಿಂದ ಮರೆಯಾಗುತ್ತಾನೆ. ಉಳಿಯುವ ಕರ್ತೃ ‘ಯುದ್ಧ’ವೊಂದೇ. ಯುದ್ಧವು ಆಲೂಗೆಡ್ಡೆಗೆ ವಿಷ ಬೆರೆಸಲಾರದು. ಸೆಂಡಾಯ್ ನಗರಕ್ಕೆ ಆನೆ ಹೋಗಬಾರದೆಂದು ಹೇಳಲಾರದು.

ಮಕ್ಕಳ ಪುಸ್ತಕದಲ್ಲಿ ಆಡಳಿತದ ವಿವರಗಳನ್ನು ಹುಡುಕುವುದು ಅರಸಿಕತೆಯೆಂದು ಕೆಲವರು ಆಕ್ಷೇಪಿಸಬಹುದು. ಯುದ್ಧವು ಕೆಟ್ಟದ್ದೆಂಬ ಭಾವವನ್ನು ಆ ಪುಸ್ತಕವು ಎಳೆಯ ಮನಸ್ಸುಗಳಲ್ಲಿ ಬಿತ್ತಿದ್ದು ಸಣ್ಣ ಸೇವೆಯಲ್ಲ, ಇದನ್ನು ಒಪ್ಪಲೇಬೇಕು. ಆದರೂ 1943ರ ಸಭೆಯಲ್ಲಿ ಅತ್ತ ಮಕ್ಕಳಿಗೂ ಕರುಣರಸಕ್ಕೆ ಕೊರತೆಯಿರಲಿಲ್ಲ. ಆ ಕಣ್ಣೀರನ್ನೇ ಶತ್ರುದ್ವೇಷಕ್ಕೆ ತಿರುಗಿಸುವುದು ಸಾಧ್ಯವಾದುದು ಅದರಲ್ಲಿ ಕರ್ತೃವಿಗೆ ಸ್ಥಾನವಿಲ್ಲದಿದ್ದುದರಿಂದ.

ತಕಾಮುರಾನ ಕಾವ್ಯಜೀವನದ ಉತ್ತರಭಾಗವು ಈ ವಿಚಾರಕ್ಕೆ ಬೆಳಕನ್ನೀಯುತ್ತದೆ. 1945ರ ಏಪ್ರಿಲಿನಲ್ಲಿ ಅವನ ಮನೆಯು ದಾಳಿಯಲ್ಲಿ ಸುಟ್ಟಿತು. ಸೋಲಿನ ತರುವಾಯ ಈಶಾನ್ಯದ ಇವಾತೆ ಪ್ರಾಂತದಲ್ಲಿ ಗುಡಿಸಲೊಂದರಲ್ಲಿ ನೆಲೆಸಿದ ಕವಿಯು, ತನ್ನ ಮೌಢ್ಯದ ಚರಿತ್ರೆಯೆಂದು ಹೆಸರಿಟ್ಟ 20 ಕವಿತೆಗಳ ಮಾಲೆಯನ್ನು 1947ರಲ್ಲಿ ಪ್ರಕಟಿಸಿದನು. ಅದರ ವಸ್ತು ಮೃಗಗಳಲ್ಲ, ತಾನೇ. ಆದರೂ ಉಷ್ಟ್ರಪಕ್ಷಿಯ ಕವಿತೆಗೆ ಅದು ಪೂರಕವಾದುದು: ಅಲ್ಲಿ ‘ನೀವು’ ಎಂದು ತೋರಿದ ಬೆರಳು ಇಲ್ಲಿ ‘ನಾನು’ ಎಂದು ತಿರುಗಿದೆ. ಮಧ್ಯಮಪುರುಷದಲ್ಲಿ ಆರಂಭವಾದ ಪ್ರಶ್ನೆಯು ಉತ್ತಮಪುರುಷಕ್ಕೆ ಬಂದಲ್ಲದೆ ಪೂರ್ಣವಾಗದು.

ಕನ್ನಡಿಗರಿಗೆ ಈ ವಿಷಯದೊಡನೆ ಒಂದು ಸಂಬಂಧವುಂಟು. ಆನೆಯಿಲ್ಲದ ಉಯೆನೊಗೆ, ಮಕ್ಕಳ ಕೋರಿಕೆಯ ಮೇರೆಗೆ, 1949ರಲ್ಲಿ ಜವಾಹರಲಾಲ್ ನೆಹರೂರವರು ಕಳುಹಿಸಿದ ಇಂದಿರಾ ಎಂಬ ಆನೆಯು ಮೈಸೂರು ಸೀಮೆಯದು. ಅದು ಕನ್ನಡದ ಮಾತಿಗೆ ಪಳಗಿದ್ದುದರಿಂದ, ಜೊತೆಯಲ್ಲಿ ಹೋದ ಮಾವುತರಿಂದ ಜಪಾನಿನ ಪಾಲಕರು ಆ ಮಾತುಗಳನ್ನು ಕಲಿತರು. 1983ರಲ್ಲಿ ಇಂದಿರಾ ಅಲ್ಲಿಯೇ ತೀರಿಕೊಂಡಿತು. ಹೀಗೆ, ಅಧಿಪತಿಯ ಆಜ್ಞೆಯಿಂದ ಮೂರು ಆನೆಗಳು ಹಸಿದು ಸತ್ತ ಮೃಗಶಾಲೆಯಲ್ಲಿ ಆರು ವರ್ಷಗಳ ತರುವಾಯ ನಮ್ಮ ಮಾವುತರ ವಿಧ್ಯರ್ಥಕ ಪದಗಳು ಕೇಳಿಬಂದವು. ಈ ವಸ್ತುವನ್ನು ಕುರಿತು ಕನ್ನಡದಲ್ಲಿ ಬರೆಯುವ ಕವಿಯು ಆನೆಗಳ ಹೆಸರನ್ನೂ ಸತ್ತ ದಿನವನ್ನೂ ಹೇಳಲಿ. ಆಜ್ಞೆ ಯಾರದೆಂಬುದನ್ನು ಕರ್ತರಿಪ್ರಯೋಗದಲ್ಲಿ ಹೇಳಲಿ. ಕರುಣರಸವು ಆಮೇಲೆ ತಾನಾಗಿ ಬರುವುದು.