ಮೂಲೆಯ ಆ ಡಬ್ಬ

ಹನ್ನೆರಡು ಜನರ ಆಫೀಸು. ಮೂಲೆಯಲ್ಲಿ ಸ್ಮಾಲ್ ಬಿಸಿನೆಸ್ ಸರ್ವರ್ 2003. ಹಾಕಿದವರು ಯಾವತ್ತೋ ಕೆಲಸ ಬಿಟ್ಟಿದ್ರು, ನನ್ನ ಪಾಲಿಗೆ ಬಂತು. ಇಂಟರ್ನೆಟ್ಟು ಅದರ ಒಂದು ನೆಟ್‌ವರ್ಕ್ ಕಾರ್ಡಿಗೆ ಬಂದು, ಇನ್ನೊಂದರಿಂದ ನಮಗೆಲ್ಲ ಹಂಚಿಕೆ. ರೂಟರ್ ಇದೆಯಲ್ಲ ಅಂತ ಒಂದಿನ ಅದನ್ನ ಕಿತ್ತೆ. ಲಾಗಿನ್ನು, ಮೇಲು, ಪ್ರಿಂಟರು ಎಲ್ಲ ಒಟ್ಟಿಗೇ ಹೋಯ್ತು! ಅಜ್ಜನ ಸೊಂಟದ ಬೀಗದಕೈ ಗೊಂಚಲು ನೆನಪಾಯ್ತು. ಕಣಜದ್ದೂ ಅದರಲ್ಲೇ, ಪೆಟ್ಟಿಗೆದ್ದೂ ಅದರಲ್ಲೇ.

ಒಂದೇ ಡಬ್ಬದಲ್ಲಿ ಎಲ್ಲ ಅಂದ್ರೆ ಚಿಕ್ಕ ಆಫೀಸಿಗೆ ಅಗ್ಗ, ಒಪ್ಪಿದೆ. ಆದ್ರೆ ಬೀದಿಗೆ ಮುಖ ಮಾಡಿ ಕೂತ ಯಂತ್ರದೊಳಗೇ ಎಲ್ಲರ ಪಾಸ್‌ವರ್ಡು, ಮೇಲು ಇಡೋದು ಎಂಥ ವಿನ್ಯಾಸ? ಬಾಗಿಲು ಕಾಯೋನ ತಲೆದಿಂಬಿನಡಿ ತಿಜೋರಿ ಇಟ್ಟಂಗೆ. ಮೈಕ್ರೋಸಾಫ್ಟೇ 2008ರ ಆವೃತ್ತಿಯಲ್ಲಿ ಈ ಗೇಟ್‌ವೇ ಕೆಲಸ ಕೈಬಿಟ್ಟು, ಒಂದೇ ಕಾರ್ಡು ಅಂದಿತು. 2003ರದ್ದಕ್ಕೆ ಅಪ್‌ಡೇಟ್ ನಿಂತದ್ದು 2015ರ ಜುಲೈ 14ಕ್ಕೆ. ನಾನು ಕೈ ಹಾಕಿದ್ದು ಅದಕ್ಕೂ ಆಮೇಲೆ, ಹಾಗಾಗಿ ಬೈಗುಳದಲ್ಲಿ ನನ್ನದೂ ಪಾಲಿದೆ.

ಎರಡನೇ ಸಲ ಭಾನುವಾರ ಕೂತೆ. ಡಿಎಚ್‌ಸಿಪಿಯಲ್ಲಿ ಗೇಟ್‌ವೇ ವಿಳಾಸ ರೂಟರಿನದು ಮಾಡಿದೆ, ಡಿಎನ್‌ಎಸ್ ಸರ್ವರಿನಲ್ಲೇ ಬಿಟ್ಟೆ, ಹೊರಗಿನ ಕಾರ್ಡಿನ ಕೇಬಲ್ ತೆಗೆದೆ. ಸೋಮವಾರ ಅಕೌಂಟ್ಸ್ ಮೇಡಂದು ಮಾತ್ರ ಓಡಲಿಲ್ಲ: ಬ್ರೌಸರಿನಲ್ಲಿ ಹಳೇ ಪ್ರಾಕ್ಸಿ ವಿಳಾಸ ಉಳಿದಿತ್ತು.