ಕ್ಷೇತ್ರ: ಹೊಲ ಹೋಗಿ ಗೆರೆ ಉಳಿದ ಕಥೆ

ಅರಕಲಗೂಡಿನ ರೈತ ತನ್ನ ಹೊಗೆಸೊಪ್ಪಿನ ಹೊಲವನ್ನು ‘ಕ್ಷೇತ್ರ’ ಎನ್ನುವುದಿಲ್ಲ. ಅದು ಹೊಲ; ಅಳೆದರೆ ಎಕರೆ, ಗುಂಟೆ. ಆದರೆ ಸಂಸ್ಕೃತದಲ್ಲಿ ಕ್ಷೇತ್ರವೆಂದರೆ ಮೊದಲಿಗೆ ಹೊಲವೇ. ಕನ್ನಡದ ಆಡುಮಾತಿಗೆ ಬರುವಾಗ ಆ ಪದ ಹೊಲವನ್ನು ಹಿಂದೆ ಬಿಟ್ಟು ಬಂದಿದೆ. ಇಂದು ಹಾಸನದ ಕಡೆ ಅದು ಹೆಚ್ಚಾಗಿ ಕೇಳಿಸುವುದು ಯಾತ್ರೆಯ ಮಾತಿನಲ್ಲಿ, ಇಲ್ಲವೇ ಚುನಾವಣೆಯ ಮಾತಿನಲ್ಲಿ.

ಶ್ರವಣಬೆಳಗೊಳ ಎರಡೂ ಅರ್ಥದಲ್ಲಿ ಕ್ಷೇತ್ರ. ಜೈನರ ಪುಣ್ಯಕ್ಷೇತ್ರವಾಗಿ ಅದು ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಯಾತ್ರಿಕರು ಕೇಳುವುದಿಲ್ಲ. ವಿಧಾನಸಭಾ ಕ್ಷೇತ್ರವಾದರೋ ಬರೀ ಗಡಿ. ತಾಲ್ಲೂಕು ಕೇಂದ್ರ ಚನ್ನರಾಯಪಟ್ಟಣ. ಕ್ಷೇತ್ರದ ಹೆಸರು ಮಾತ್ರ ಶ್ರವಣಬೆಳಗೊಳ. ಹಾಸನ ಲೋಕಸಭಾ ಕ್ಷೇತ್ರದೊಳಗೆ ಚಿಕ್ಕಮಗಳೂರು ಜಿಲ್ಲೆಯ ಕಡೂರೂ ಇದೆ. 2008ರ ಮರುವಿಂಗಡಣೆಯ ನಂತರ ಗಂಡಸಿ ಊರು ಇದ್ದಲ್ಲೇ ಇದೆ, ಗಂಡಸಿ ಕ್ಷೇತ್ರ ಇಲ್ಲ.

ಮೂರನೆಯ ಅರ್ಥ ಗಣಿತದ್ದು: ಗೆರೆಗಳು ಸುತ್ತುವರಿದ ಆಕೃತಿ. ತ್ರಿಭುಜ, ಚತುರ್ಭುಜ, ವೃತ್ತ ಎಲ್ಲವೂ ಕ್ಷೇತ್ರಗಳೇ. 12ನೆಯ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ದ ಜೊತೆಗೆ ‘ಕ್ಷೇತ್ರಗಣಿತ’ವನ್ನೂ ಕನ್ನಡದಲ್ಲಿ ಬರೆದ. ನಮ್ಮ ಶಾಲೆಗಳಲ್ಲಿ ಅದೀಗ ರೇಖಾಗಣಿತ. ಹೊಸ ಹೆಸರು ತಪ್ಪೇನಲ್ಲ. ಆದರೆ ಹಳೆಯ ಹೆಸರಿನಲ್ಲಿ ಗೆರೆಗಿಂತ ಗೆರೆಯೊಳಗಿನ ನೆಲಕ್ಕೆ ಮೊದಲ ಜಾಗವಿತ್ತು.

ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ, ಸುಮಾರು 850ರಲ್ಲಿ, ‘ಗಣಿತಸಾರಸಂಗ್ರಹ’ದ ಕ್ಷೇತ್ರಗಣಿತ ಭಾಗದಲ್ಲಿ ಒಂದೇ ಆಕೃತಿಗೆ ಎರಡು ಬಗೆಯ ಲೆಕ್ಕ ಕೊಡುತ್ತಾನೆ: ವ್ಯಾವಹಾರಿಕ ಮತ್ತು ಸೂಕ್ಷ್ಮ. ವೃತ್ತದ ವ್ಯಾಸ 10 ಆದರೆ ವ್ಯಾವಹಾರಿಕವಾಗಿ ಪರಿಧಿ 30. ಸೂಕ್ಷ್ಮವಾಗಿ ವ್ಯಾಸವನ್ನು 10ರ ವರ್ಗಮೂಲದಿಂದ ಗುಣಿಸಬೇಕು, ಸುಮಾರು 31.6 ಬರುತ್ತದೆ. ಇಂದಿನ ಲೆಕ್ಕ 31.4ರ ಹತ್ತಿರ. ಅಂದರೆ ಅವನ ಸೂಕ್ಷ್ಮವೂ ಕೊನೆಯ ಮಾತಲ್ಲ. ನನಗೆ ಮುಖ್ಯವಾಗಿ ಕಾಣುವುದು ಆ ಎರಡು ಹೆಸರುಗಳು. ಕೆಲಸ ಸಾಗಲು ಸಾಕಾಗುವ ಅಳತೆಗೆ ‘ಇದು ವ್ಯಾವಹಾರಿಕ’ ಎಂದು ಗಣಿತವೇ ಚೀಟಿ ಅಂಟಿಸಿದೆ.

ದಿನಬಳಕೆಯ ಪದ ಸಡಿಲ, ಗಣಿತದ ಪದ ಬಿಗಿ ಎಂಬುದು ನಮ್ಮ ರೂಢಿಯ ತಿಳಿವಳಿಕೆ. ಕ್ಷೇತ್ರದ ಮಟ್ಟಿಗೆ ಅದು ತಿರುಗುಮುರುಗಾಗಿದೆ. ‘ಹೊಳೆನರಸೀಪುರ ಕ್ಷೇತ್ರ ಯಾರದು?’ ಎಂದು ಕೇಳುವಾಗ ನಾವು ಹೊಲದ ಒಡೆತನದ ಭಾಷೆಯನ್ನೇ ಜನರಿಗೆ ಹಚ್ಚುತ್ತೇವೆ. ಎಣಿಕೆ ಮುಗಿದರೆ ಊರಿನ ಮನಸ್ಸನ್ನೇ ಅಳೆದಂತೆ ಮಾತಾಡುತ್ತೇವೆ. ಮತದ ಎಣಿಕೆ ಕರಾರುವಾಕ್ಕಾಗಿರಬಹುದು. ಊರಿನ ಅಳತೆಯಾಗಿ ಅದು ವ್ಯಾವಹಾರಿಕ ಮಾತ್ರ. ‘ಸಾಹಿತ್ಯ ಕ್ಷೇತ್ರ’ ಎನ್ನುವ ನಾವೂ ಇದರಿಂದ ಹೊರಗಿಲ್ಲ: ಅಲ್ಲೂ ಯಾರು ಒಳಗೆ, ಯಾರು ಹೊರಗೆ ಎಂಬ ಬೇಲಿಯ ಜಗಳವೇ ಹೆಚ್ಚು, ಬೆಳೆಯ ಮಾತು ಕಡಿಮೆ.