ಕೊಲೆಯ ಸುದ್ದಿ ಆಟವಾದ ಬಗೆ

ಬೈಲಹೊಂಗಲ ಸೀಮೆಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಸಂಗ್ಯಾ ಎಂಬವನ ಕೊಲೆಯಾಯಿತು. ಕಂಡವರ ಹೆಂಡತಿ ಗಂಗಿಯ ಮೇಲೆ ಅವನು ಮನಸ್ಸಿಟ್ಟ. ಜೀವದ ಗೆಳೆಯ ಬಾಳ್ಯಾ ಮೊದಲು ನೆರವಾದ, ಆಮೇಲೆ ಎರಡು ಬಗೆದ. ಸುದ್ದಿ ಲಾವಣಿಯಾಗಿ ಊರೂರು ತಿರುಗಿತು. ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ ಕನ್ನಡ ಲಾವಣಿಗಳಲ್ಲಿ ಇದೂ ಒಂದು. ಅದೇ ಕಥೆ ‘ಸಂಗ್ಯಾ ಬಾಳ್ಯಾ’ ಎಂಬ ಸಣ್ಣಾಟವಾಯಿತು, ಅಂದರೆ ಹಾಡು ಮಾತುಗಳ ಜನಪದ ನಾಟಕವಾಯಿತು. ಬರೆದವರು ಬೈಲವಾಡದ ಪತ್ತಾರ ಮಾಸ್ತರರು ಎಂಬ ಮಾತು ಆ ಕಡೆ ಗಟ್ಟಿಯಾಗಿ ನಿಂತಿದೆ.

ದೊಡ್ಡಾಟದಲ್ಲಿ ದೇವರು ರಾಕ್ಷಸರ ಕಥೆಯೇ ಮೆರೆಯುತ್ತಿದ್ದ ನಾಡಿನಲ್ಲಿ ನೆರೆಮನೆಯವರ ಕಥೆಗೆ ರಾತ್ರಿಯಿಡೀ ಹಾಡು ಕಟ್ಟಿದ್ದು ಸಣ್ಣ ಧೈರ್ಯವಲ್ಲ. ಅದಕ್ಕೆ ನೆಲ ಹದ ಮಾಡಿದವರು ಲಾವಣಿಕಾರರು. 1857ರಲ್ಲಿ ಆಯುಧ ಒಪ್ಪಿಸಲು ಒಲ್ಲದೆ ದಂಗೆಯೆದ್ದ ಹಲಗಲಿಯ ಬೇಡರ ಲಾವಣಿಯನ್ನೇ ನೋಡಿ. ವೀರರ ಹೊಗಳಿಕೆಯಷ್ಟಕ್ಕೆ ಅದು ನಿಲ್ಲುವುದಿಲ್ಲ. ದಂಡಿನವರು ಊರಿಂದ ಏನೇನು ಹೊತ್ತೊಯ್ದರು ಎಂದು ಉಪ್ಪು, ಎಣ್ಣೆ, ಬೀಸುವ ಕಲ್ಲಿನಿಂದ ಹಿಡಿದು ಮಂಗಳಸೂತ್ರದವರೆಗೆ ಲೆಕ್ಕ ಕೊಡುತ್ತದೆ. ಸೋಲು ಒಲೆಯ ಬುಡದವರೆಗೂ ಬಂದದ್ದು ಆ ಪಟ್ಟಿಯಲ್ಲಿ ಕಾಣುವಷ್ಟು ಯಾವ ಇತಿಹಾಸದ ಪುಸ್ತಕದಲ್ಲೂ ನನಗೆ ಕಂಡಿಲ್ಲ.

ಆದರೆ ಲಾವಣಿಯಲ್ಲಿ ದನಿ ಒಂದೇ. ಹಿಮ್ಮೇಳ ‘ಜೀ ಜೀ’ ಎಂದು ದನಿಗೂಡಿಸಿದರೂ ಕಥೆ ಹೇಳುವವನು, ತೀರ್ಪು ಕೊಡುವವನು ಒಬ್ಬನೇ. ಕಂಪನಿ ಸರಕಾರದ ವಿರುದ್ಧ ಹಾಡುವಾಗ ಆ ಒಂಟಿದನಿಯೇ ಬಲ. ಗಂಡು ಹೆಣ್ಣಿನ ನಡುವಣ ಸಿಕ್ಕಿಗೆ ಅದು ಸಾಲದು. ಸಣ್ಣಾಟ ಅಲ್ಲಿ ಗೆದ್ದಿತು. ಆಸೆಪಟ್ಟವನಿಗೊಂದು ಹಾಡು, ಗಂಡನಿಗೊಂದು, ಎರಡು ಬಗೆದವನಿಗೂ ಒಂದು. ಹಾಡು ಮುಗಿದೊಡನೆ ಪಾತ್ರಧಾರಿ ಅದರ ಅರ್ಥವನ್ನು ತನ್ನೂರಿನ ಮಾತಿನಲ್ಲಿ ಬೆಳೆಸುತ್ತಾನೆ. ಹಾಡು ಹಳೆಯದು, ಮಾತು ಆ ರಾತ್ರಿಯದು. ಹಾಗಾಗಿ ಸಂಗ್ಯಾನನ್ನು ಬೈಯುತ್ತ ಕೂತವರೇ ಅವನು ಸಾಯುವಾಗ ಕಣ್ಣೊರೆಸಿಕೊಳ್ಳುತ್ತಾರೆ.

ಈ ಪರಂಪರೆಯ ಕೊರತೆಯನ್ನೂ ಹೇಳಲೇಬೇಕು. ಆಟದ ಹೆಸರಿನಲ್ಲಿ ಇಬ್ಬರು ಗಂಡಸರಿದ್ದಾರೆ, ಗಂಗಿ ಇಲ್ಲ. ಅವಳೂ ಹಾಡುತ್ತಾಳೆ, ನಿಜ. ಆದರೆ ಆ ಹಾಡುಗಳು ಹೆಚ್ಚಾಗಿ ಗಂಡಸರ ಆಸೆಗೋ ಬೆದರಿಕೆಗೋ ಕೊಡುವ ಮರುಮಾತು. ಅವಳ ಒಳಗುದಿಗೆ ಕವಿ ಕಿವಿಗೊಟ್ಟದ್ದು ಕಡಿಮೆ. ಹೆಣ್ಣುಪಾತ್ರವನ್ನು ಗಂಡಸರೇ ಕಟ್ಟುತ್ತಿದ್ದ ಕಾಲದ ಗುರುತು ಇದಾಗಿರಬಹುದು. ಸಣ್ಣಾಟದ ರಂಗಕ್ಕೆ ಕೌಜಲಗಿ ನಿಂಗಮ್ಮನಂಥ ಕಲಾವಿದೆ ಬಂದು ಶ್ರೀಕೃಷ್ಣ ಪಾರಿಜಾತದಲ್ಲಿ ಹೆಸರು ಮಾಡಿದ ಮೇಲೂ ಗಂಗಿಗಾಗಿ ಯಾರೂ ಆಟವನ್ನು ಹೊಸದಾಗಿ ಕಟ್ಟಿದ ಹಾಗೆ ಕಾಣುವುದಿಲ್ಲ.

ಆ ಸಾಲ ತೀರಿಸಿದವರು ನಾಟಕಕಾರ ಚಂದ್ರಶೇಖರ ಕಂಬಾರರು ಎಂದು ನನ್ನ ನಂಬಿಕೆ. 1972ರ ‘ಜೋಕುಮಾರಸ್ವಾಮಿ’ಯಲ್ಲೂ ಪರಪುರುಷನನ್ನು ಕೂಡುವ ಹೆಂಡತಿ, ಕೊಲೆ, ಹಾಡು, ಹಿಮ್ಮೇಳ ಎಲ್ಲ ಇವೆ. ಅಲ್ಲಿ ಬಯಕೆ ಮಾತ್ರ ಆ ಹೆಂಡತಿ ಗೌಡ್ತಿಯದು. ಮಗುವಿಗಾಗಿ ಹಂಬಲಿಸುವ ಅವಳಿಂದಲೇ ಆಟ ನಡೆಯುತ್ತದೆ. ಜನಪದದ ಮಟ್ಟನ್ನು ಉಳಿಸಿಕೊಂಡೇ ಅದರ ತಪ್ಪನ್ನು ತಿದ್ದಬಹುದೆಂದು ಕಂಬಾರರು ತೋರಿಸಿದರು.

ಪಠ್ಯಪುಸ್ತಕದಲ್ಲಿ ಹಲಗಲಿಯ ಲಾವಣಿಯನ್ನು ಅಂಕಕ್ಕಾಗಿ ಓದಿ ಮರೆತವರಲ್ಲಿ ನನ್ನದೊಂದು ಕೋರಿಕೆ. ಬೆಳಗಾವಿ, ಬಾಗಲಕೋಟೆ ಕಡೆಯ ಜಾತ್ರೆಗೆ ಹೋದಾಗ ಆಟವಿದ್ದರೆ ನಡುರಾತ್ರಿಗೆ ಎದ್ದು ಬರಬೇಡಿ. ಬೆಳಗಿನ ಜಾವದ ತನಕ ಕೂತು ಕೇಳಿ.